ಕುಬಸದ ಉದ್ದ ಫೋಟೋ

ಫೋಟೋದ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದು ನಮ್ಮ ಅವ್ವನಿಗೆ ಗೊತ್ತಿರುವಷ್ಟು ಚೆನ್ನಾಗಿ ಯಾವ ಫೋಟೋಗ್ರಾಫರನಿಗೂ ಗೊತ್ತಿರಲಿಕ್ಕಿಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ಯಾರಾದರೂ ಕ್ಯಾಮೆರಾ ಕಣ್ಣಿಗೆ ಏರಿಸಿದರೆ ಸಾಕು, ಅವಳು ಒಮ್ಮೆ ಹಿಡಿದವನ ಮೊಣಕೈ ನೋಡುತ್ತಾಳೆ, ಒಮ್ಮೆ ನಿಂತವರ ಸಾಲು ನೋಡುತ್ತಾಳೆ, ಎರಡು ಹೆಜ್ಜೆ ಆಚೆ ಸರಿಯುತ್ತಾಳೆ. ಆಮೇಲೆ ನೀವು ಫೋಟೋವನ್ನು ಎಷ್ಟು ದೊಡ್ಡದು ಮಾಡಿಸಿದರೂ ಅವಳ ಸೆರಗಿನ ತುದಿಯೂ ಸಿಗುವುದಿಲ್ಲ. ಕೇಳಿದರೆ, "ನಾ ನಿಂತ್ರ ಒಲಿ ಯಾರ ನೋಡಬೇಕು?" ಎನ್ನುತ್ತಾಳೆ.

ಒಲೆ ನೆಪ. ನನ್ನ ಮದುವೆಯಾದ ಮರುವರ್ಷ ಅಪ್ಪ ತೀರಿಕೊಂಡರು. ಅಲ್ಲಿಂದ ಅವ್ವ ಶುಭಕಾರ್ಯದ ಫೋಟೋಗಳಿಂದ ಹೊರಗೆ ನಡೆದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು, ಗಂಡ ಹೋದವಳು ಮಂಗಳಕಾರ್ಯಕ್ಕೆ ಆಗಿಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಹುಟ್ಟಲೇಬಾರದು. ಆದರೂ ಅದು ಮನೆಯಲ್ಲಿ ಬಂದು ಕೂತಿತ್ತು. ಅವಳಿಗೆ ಆಚೆ ಸರಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಅವರ ಜೊತೆ ಜಗಳವಾದರೂ ಆಡಬಹುದಿತ್ತು. ತಾನಾಗಿ ಸರಿಯುವವಳ ಜೊತೆ ಏನು ಆಡುವುದು? ಹೀಗೆ ಇಪ್ಪತ್ತೇಳು ವರ್ಷ ಕಳೆಯಿತು. ಅವಳ ಫೋಟೋ ಎಂದರೆ ಆಧಾರ್ ಕಾರ್ಡಿನದು, ರೇಷನ್ ಕಾರ್ಡಿನದು, ಪಿಂಚಣಿ ಪುಸ್ತಕದ್ದು. ಮೂರರಲ್ಲೂ ಯಾರೋ ಬೈದು ಕೂರಿಸಿದಂತೆ ನೋಡುತ್ತಾಳೆ. ಅವಳಿಗೀಗ ಎಪ್ಪತ್ತಾರು. ಮಕ್ಕಳು ಮೊಮ್ಮಕ್ಕಳ ನಡುವೆ, ಒಂದು ಒಳ್ಳೆಯ ದಿನದಲ್ಲಿ, ಅವಳೂ ಇರುವ ಒಂದೇ ಒಂದು ಫೋಟೋ ಬೇಕು ಎನ್ನುವುದು ನನ್ನ ಹಟವಾಗಿತ್ತು.

ನಾನು ಹುಟ್ಟಿದ್ದು ಜಹೀರಾಬಾದಿನಲ್ಲಿ, ಕೊಟ್ಟಿದ್ದು ತಾಂಡೂರಿಗೆ, ಕೆಲಸ ಅಂಚೆ ಕಚೇರಿಯಲ್ಲಿ. ತಾಂಡೂರಿನ ನಮ್ಮ ಓಣಿಯ ಬಾಯಿಗೆ ಒಂದು ಹಳೆಯ ಸ್ಟುಡಿಯೋ ಇತ್ತು. ಅದರ ಯಜಮಾನರನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತದೆ. ನಮ್ಮ ಮಗಳ ಮೊದಲ ಹುಟ್ಟುಹಬ್ಬದ ಫೋಟೋ ತೆಗೆದವರು ಅವರೇ. ಕೆಲವು ವರ್ಷಗಳ ಹಿಂದೆ ಸ್ಟುಡಿಯೋ ಮುಚ್ಚಿ, ಅದೇ ಜಾಗದಲ್ಲಿ ಅವರ ಮಗ ಕಂಪ್ಯೂಟರ್ ಇಟ್ಟುಕೊಂಡು ಡಿಜಿಟಲ್ ಲ್ಯಾಬ್ ಹಾಕಿದ. ಹಳೆಯ ಸಾಮಾನು ತೆಗೆದುಹಾಕುವ ದಿನ ನಾನು ಅಲ್ಲಿ ನಿಂತು ಅದನ್ನು ಮುಟ್ಟಿ ಇದನ್ನು ಮುಟ್ಟಿ ನೋಡುತ್ತಿದ್ದೆ. ಚಾಚಾ ಒಂದು ಕಪ್ಪು ಪ್ಲಾಸ್ಟಿಕ್ ಕ್ಯಾಮೆರಾ ಎತ್ತಿ ನನ್ನ ಕೈಯಲ್ಲಿಟ್ಟರು.

"ಬೇಟಿ, ಈ ಡಬ್ಬಾಕ್ಕ ಅಕಲ್ ಇಲ್ಲ" ಎಂದರು. "ಬ್ಯಾರೆ ಕ್ಯಾಮೆರಾ ಒಂದ ಫೋಟೋ ಹೊಡದ ಮ್ಯಾಲ ರೀಲು ಪೂರಾ ತಿರುಗೋ ತನಾ ಎರಡನೇದು ಹೊಡ್ಯಾಕ ಬಿಡಂಗಿಲ್ಲ. ಇದು ಬಿಡ್ತದ. ಅದಕ್ಕ ಅಕಲ್ ಪೂರಾ ನಿಂದೇ ಇರಬೇಕು."

ಆ ಪೆದ್ದುತನವೇ ಅದರ ದೊಡ್ಡ ಗುಣ ಎಂದು ತೋರಿಸಿಕೊಟ್ಟವರೂ ಅವರೇ. ಒಂದು ಫೋಟೋ ತೆಗೆದು, ರೀಲನ್ನು ಪೂರ್ತಿ ಸುತ್ತದೆ ಅರ್ಧದಷ್ಟು ಮಾತ್ರ ಸುತ್ತಬೇಕು. ನಿಂತಲ್ಲೇ ಸ್ವಲ್ಪ ಬಲಕ್ಕೆ ತಿರುಗಿ ಇನ್ನೊಂದು ತೆಗೆಯಬೇಕು. ಮತ್ತೆ ಅರ್ಧ ಸುತ್ತು, ಮತ್ತೆ ಸ್ವಲ್ಪ ಬಲಕ್ಕೆ. ಮೊದಲನೆಯದರ ಅರ್ಧದ ಮೇಲೆ ಎರಡನೆಯದು ಬೀಳುತ್ತದೆ, ಎರಡನೆಯದರ ಅರ್ಧದ ಮೇಲೆ ಮೂರನೆಯದು. ರೀಲು ಮುಗಿಯುವ ಹೊತ್ತಿಗೆ ಹನ್ನೆರಡು ಬಿಡಿ ಫೋಟೋಗಳ ಬದಲು, ಎಲ್ಲೂ ಗೆರೆಯಿಲ್ಲದ ಒಂದೇ ಒಂದು ಉದ್ದ ಫೋಟೋ ಇರುತ್ತದೆ. ಎಲ್ಲಿ ಬೆಳಕಿತ್ತೋ ಅದು ಬರೆದುಕೊಂಡಿರುತ್ತದೆ, ಎಲ್ಲಿ ಕತ್ತಲಿತ್ತೋ ಅಲ್ಲಿ ಕೆಳಗಿನ ಚಿತ್ರ ಹಾಗೇ ಉಳಿದಿರುತ್ತದೆ. ಗೋಡೆಯೊಳಗಿಂದ ಮನುಷ್ಯರು ಕಾಣುತ್ತಾರೆ.

ಅದೇ ವರ್ಷ ನನಗೆ ನಾರಾಯಣಖೇಡಕ್ಕೆ ವರ್ಗವಾಯಿತು. ವಾರವೆಲ್ಲ ಬಾಡಿಗೆ ಕೋಣೆ, ಶನಿವಾರ ಜಹೀರಾಬಾದಿನ ಮೇಲಿಂದ ತಾಂಡೂರಿನ ಬಸ್ಸು. ವರ್ಗ ಮಾಡಿದವರನ್ನು ಆಗ ಮನಸಾರೆ ಬೈದುಕೊಂಡಿದ್ದೇನೆ, ಈಗ ಕೈಮುಗಿಯುತ್ತೇನೆ. ಸಂಜೆ ಕಚೇರಿ ಬಿಟ್ಟು ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ ನಿಂತು ಈ ಕಲೆ ಕಲಿತೆ. ಮೊದಲ ಮೂರು ರೀಲು ಕೆಸರು. ನಾಲ್ಕನೆಯದರಲ್ಲಿ, ಮೆಣಸಿನಕಾಯಿ ಚೀಲದ ಮೇಲೆ ಕೂತ ಒಬ್ಬ ಹೆಂಗಸಿನ ಮೈಯೊಳಗಿಂದ ಬೀದರಿನ ಬಸ್ಸು ಹೊರಟಿತ್ತು. ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತ ಹಾಯಾಗಿ ಕೂತಿದ್ದಳು. ನನಗೆ ಆದ ಸಂತೋಷ ಯಾರಿಗೆ ಹೇಳಬೇಕೋ ತಿಳಿಯದೆ, ಅಂಚೆಚೀಟಿ ಕೊಳ್ಳಲು ಬಂದವರಿಗೆಲ್ಲ ನೆಗೆಟಿವ್ ತೋರಿಸಿದೆ. "ಏನ್ರೀ ಮೇಡಂ, ಎಕ್ಸ್‌ರೇ ಏನ್ರೀ?" ಎಂದು ಒಬ್ಬರು ಕೇಳಿದರು.

ಡಿಜಿಟಲ್ಲಿನಲ್ಲಿ ಇದನ್ನು ಮಾಡಲಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ. ನಾನೂ ಮಾಡಿದ್ದೇನೆ. ಅಣ್ಣನ ಮಗಳ ಮದುವೆಯಲ್ಲಿ ಮೊಬೈಲು ಹಿಡಿದು, ಅದು ತೋರಿಸುವ ಬಾಣವನ್ನು ಗೆರೆಯ ಮೇಲಿಟ್ಟುಕೊಂಡು, ಮಂಟಪದ ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿದ್ದೆ. ಅವ್ವ ಅಂಚು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ನಾನು ತಿರುಗುವ ಕಡೆಯೇ ಓಡಿದಳು. ಜಾಣ ಮೊಬೈಲು ಓಡುವವರನ್ನು ತಪ್ಪೆಂದು ತಿಳಿದು ಸರಿಮಾಡುತ್ತದೆ. ಚಿತ್ರದಲ್ಲಿ ಎಲ್ಲರೂ ನೆಟ್ಟಗಿದ್ದಾರೆ, ಅವ್ವನದು ಒಂದು ಮೊಣಕೈ ಮಾತ್ರ ಕಂಬದ ಪಕ್ಕದಲ್ಲಿ ಉಳಿದಿದೆ.

ಅಣ್ಣ ಇನ್ನೂ ಮುಂದೆ ಹೋದ. ತನ್ನ ಮದುವೆಯ ಗ್ರೂಪ್ ಫೋಟೋದಲ್ಲಿ ಅವ್ವ ಇಲ್ಲ ಎಂಬ ಕೊರಗು ಅವನಿಗೂ ಇತ್ತು. ಯಾರದೋ ಕೈಯಲ್ಲಿ ಕಂಪ್ಯೂಟರಿನಲ್ಲಿ ಆಧಾರ್ ಕಾರ್ಡಿನ ಮುಖ ಕತ್ತರಿಸಿ, ರೇಷ್ಮೆ ಸೀರೆಯುಟ್ಟ ಒಂದು ಮೈಗೆ ಕೂರಿಸಿ, ಆ ಫೋಟೋದಲ್ಲಿ ನಿಲ್ಲಿಸಿಬಿಟ್ಟ. ಕಟ್ಟು ಹಾಕಿಸಿ ಅವಳ ಕೈಗೆ ಕೊಟ್ಟ. ಅವ್ವ ಕನ್ನಡಕ ಏರಿಸಿ ನೋಡಿದಳು.

"ಮುಖ ನಂದದ. ಸೀರಿ ಯಾರ್ದು?" ಎಂದಳು. ಮತ್ತೆ ಸ್ವಲ್ಪ ಹೊತ್ತು ನೋಡಿ, "ಯಾರ ಹೆಣ್ಮಗಳೋ ಏನೋ, ಪಾಪ. ಆಕಿ ಮುಖ ಎಲ್ಲಿ ಒಗದ್ರಿ?" ಎಂದಳು. ಮನೆಯವರೆಲ್ಲ ನಕ್ಕೆವು. ಅಣ್ಣ ಮಾತ್ರ ನಗಲಿಲ್ಲ, ಎದ್ದು ಅಂಗಳಕ್ಕೆ ಹೋದ.

ಹಾಗಿರುವಾಗ ಅಣ್ಣನ ಆ ಮಗಳು ಬಸುರಿಯಾದಳು. ಅವಳನ್ನು ಬೆಳೆಸಿದ್ದು ಅವ್ವ. ಅಣ್ಣ ವೈನಿ ಇಬ್ಬರೂ ನೌಕರಿಯವರು, ಹಾಗಾಗಿ ಹುಡುಗಿ ಉಂಡದ್ದು ಮಲಗಿದ್ದು ಎಲ್ಲ ಅವ್ವನ ಮಗ್ಗುಲಲ್ಲೇ. ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಾಗ ಜಹೀರಾಬಾದಿನ ಮನೆಯ ಅಂಗಳದಲ್ಲಿ ಕುಬಸ ಇಟ್ಟರು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಅವಳ ಉಡಿಯಲ್ಲಿ ಐದು ಮುಷ್ಟಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕಿ ಹರಸುವುದು. ಗಂಡನಿರುವವರೇ ಹಾಕಬೇಕು. ಬೆಳೆಸಿದ ಅಜ್ಜಿ ಬೆಳಗಿನಿಂದ ಒಲೆಯ ಮುಂದಿದ್ದಳು.

ನಾನು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಅಂಗಳದ ನಡುವೆ ನಲ್ಲಿಯ ಹತ್ತಿರ ನಿಲ್ಲುವುದು, ಬೀದಿ ಬಾಗಿಲಿನಿಂದ ಶುರುಮಾಡುವುದು, ಖುರ್ಚಿಯ ಮೇಲಿನ ಗಂಡಸರು, ಚಾಪೆಯ ಮೇಲಿನ ಹೆಂಗಸರು, ನಡುವೆ ಹುಡುಗಿ, ಆಮೇಲೆ ಸುಣ್ಣದ ಗೋಡೆ, ಕಟ್ಟಕಡೆಗೆ ಅಡುಗೆಮನೆಯ ಬಾಗಿಲು. ಅವ್ವ ಬಾಗಿಲಿಗೆ ಬಂದು ಇಣುಕೇ ಇಣುಕುತ್ತಾಳೆ. ಕ್ಯಾಮೆರಾ ಹುಡುಗಿಯ ಕಡೆ ಇದೆಯೆಂದು ಧೈರ್ಯವಾಗಿರುತ್ತಾಳೆ. ನನ್ನ ಫೋಟೋಕ್ಕೆ ಅಂಚೇ ಇಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲ. ಹೆತ್ತ ತಾಯಿಗೆ ಹೀಗೆ ಮೋಸ ಮಾಡಬಹುದೇ ಎಂದು ನನಗೂ ಅನ್ನಿಸಿತ್ತು. ಮಾಡಬಹುದು ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಎಲ್ಲ ಲೆಕ್ಕದಂತೆಯೇ ನಡೆಯಿತು. ಅರ್ಧ ಸುತ್ತು, ಕ್ಲಿಕ್, ಅರ್ಧ ಸುತ್ತು, ಕ್ಲಿಕ್. ಹುಡುಗಿಯ ಫೋಟೋ ತೆಗೆದೆ, ಪಕ್ಕದ ಸುಣ್ಣದ ಗೋಡೆಯೂ ಅದರಲ್ಲೇ ಬಂತು. ಅಷ್ಟರಲ್ಲಿ ವೈನಿ, "ಮೊದಲ ಸೋದರತ್ತಿ ತುಂಬಬೇಕು, ಬರ್ರಿ ಬರ್ರಿ, ಕ್ಯಾಮೆರಾ ಆಮ್ಯಾಲ" ಎಂದು ಕೈಹಿಡಿದು ಎಳೆದೇಬಿಟ್ಟರು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಹುಡುಗಿಗೆ ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ, ಉಡಿ ತುಂಬಿದೆ. ಅವಳ ಕೆನ್ನೆಗೆ ಹಚ್ಚಿದ್ದಕ್ಕಿಂತ ನನ್ನ ಬೆರಳಿಗೇ ಹೆಚ್ಚು ಅರಿಶಿನ ಮೆತ್ತಿಕೊಂಡಿತ್ತು. ಮತ್ತೆ ನಲ್ಲಿಯ ಹತ್ತಿರ ಬಂದು ನಿಂತು ತಿರುಗಿ ನೋಡಿದರೆ, ಅವ್ವ ಬಾಗಿಲಲ್ಲಿ ನಿಂತಿದ್ದಾಳೆ. ಹಿಂದೆ ಅಡುಗೆಮನೆಯ ಕತ್ತಲು, ಮುಖದ ಮೇಲೆ, ಕೈಯ ಮೇಲೆ ಹತ್ತು ಗಂಟೆಯ ಬಿಸಿಲು. ತುಟಿಗಳು ಏನೋ ಅನ್ನುತ್ತಿದ್ದವು. ಹೊಸ ಸೀರೆಗೆ ಕೈ ಒರೆಸಿಕೊಳ್ಳಲು ಮನಸ್ಸು ಬರಲಿಲ್ಲ, ಅರಿಶಿನದ ಬೆರಳಿನಲ್ಲೇ ರೀಲಿನ ಗುಂಡಿ ತಿರುಗಿಸಿದೆ. ತಿರುಗಿತು ಅಂದುಕೊಂಡೆ. ಕ್ಲಿಕ್ ಎಂದಿತು. ಅವ್ವ ತಟ್ಟನೆ ನನ್ನ ಕಡೆ ನೋಡಿ ಒಳಗೆ ಸರಿದಳು.

ಮುಂದಿನ ಭಾನುವಾರ ಬೆಳಿಗ್ಗೆ ತಾಂಡೂರಿನ ಮನೆಯ ಬಚ್ಚಲಲ್ಲಿ ರೀಲು ತೊಳೆದೆ. ಹೊರಗೆ ನನ್ನ ಯಜಮಾನರು ಟವೆಲ್ಲು ಹೊದ್ದುಕೊಂಡು, "ಇವತ್ತ ನಂದ ಜಳಕ ಅದನೋ, ಬರೇ ರೀಲಿಂದ ಅದನೋ?" ಎಂದು ಕೇಳುತ್ತಲೇ ಇದ್ದರು. ಒದ್ದೆ ರೀಲನ್ನು ದಾರಕ್ಕೆ ನೇತುಹಾಕಿ ನೋಡಿದೆ. ಹುಡುಗಿಯಿದ್ದಾಳೆ, ಸುಣ್ಣದ ಗೋಡೆಯಿದೆ, ಅಡುಗೆಮನೆಯ ಬಾಗಿಲೇ ಇಲ್ಲ! ಇಪ್ಪತ್ತೇಳು ವರ್ಷಕ್ಕೊಮ್ಮೆ ಸಿಕ್ಕವಳನ್ನು ನನ್ನ ಮಂಕುಬೆರಳು ಕಳೆಯಿತಲ್ಲ ಎಂದು ಹಣೆ ಚಚ್ಚಿಕೊಂಡೆ. ಒಣಗಿದ ಮೇಲೆ ಕಿಟಕಿಗೆ ಹಿಡಿದು ಒಂದೊಂದೇ ಅಂಗುಲ ನೋಡುತ್ತ ಬಂದೆ.

ಅವ್ವ ಹುಡುಗಿಯ ಮೇಲೆಯೇ ಇದ್ದಳು. ಅರಿಶಿನಕ್ಕೆ ಬೆರಳು ಜಾರಿ ಗುಂಡಿ ಕೂದಲಷ್ಟೂ ತಿರುಗಿರಲಿಲ್ಲ. ಒಂದೇ ಜಾಗದಲ್ಲಿ ಎರಡು ಬೆಳಕು ಬಿದ್ದಿದ್ದವು. ಅಡುಗೆಮನೆಯ ಕತ್ತಲು ಏನನ್ನೂ ಬರೆದುಕೊಳ್ಳದೆ ಹುಡುಗಿಯನ್ನು ಹಾಗೇ ಬಿಟ್ಟುಕೊಟ್ಟಿತ್ತು. ಅವ್ವನ ಮುಖ ಅವಳ ತಲೆಯ ಮೇಲೆ, ಅವ್ವನ ಸೆರಗಿನೊಳಗಿಂದ ಅವಳ ಮುಖ. ದಟ್ಟ ಹಸಿರು ಸೀರೆಯೂ ಕತ್ತಲಿನಂತೆ ಏನನ್ನೂ ಬರೆದುಕೊಳ್ಳದೆ ಬಿಟ್ಟಿದ್ದರಿಂದ, ಅವ್ವನ ಮುಚ್ಚಿದ ಮುಷ್ಟಿಯೊಂದು ಹುಡುಗಿಯ ಉಡಿಯ ನಡುವೆ ಎಲ್ಲಕ್ಕಿಂತ ಸ್ಪಷ್ಟವಾಗಿ ಮೂಡಿತ್ತು. ನಾನು ಬಚ್ಚಲ ಮುಂದೆ ಕೂತು ಅತ್ತೆ. ಯಜಮಾನರು ರೀಲು ಹಾಳಾಯಿತೆಂದು ತಿಳಿದು, ಇನ್ನೊಂದು ತರಿಸೋಣ ಬಿಡು ಎಂದು ಸಮಾಧಾನ ಮಾಡಿದರು.

ಅಳು ನಿಂತ ಮೇಲೆ ಭಯ ಶುರುವಾಯಿತು. ಈ ಫೋಟೋ ಅವ್ವ ನೋಡಿದರೆ? ಮೊದಲ ಬಸುರಿನ ಉಡಿಯಲ್ಲಿ ತನ್ನ ಕೈ! ಹುಡುಗಿಗೆ ನಾಳೆ ಒಂದು ನೆಗಡಿಯಾದರೂ ಅವ್ವ ಅದನ್ನು ಆ ಕೈಯ ಮೇಲೆಯೇ ಹಾಕಿಕೊಳ್ಳುತ್ತಾಳೆ. ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಅವಳು ಬದುಕುವುದೇ ಇಲ್ಲ. ನಾನು ಅವಳನ್ನು ಒಂದು ಫೋಟೋದೊಳಗೆ ತರಲು ಹೋಗಿ, ಅವಳು ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದಳೋ ಅದನ್ನೇ ಮಾಡಿಟ್ಟಿದ್ದೆ.

ಮೂರು ವಾರ ಆ ನೆಗೆಟಿವ್ ಬೀರುವಿನಲ್ಲಿತ್ತು. ಇತ್ತ ಹುಡುಗಿ ದಿನಕ್ಕೊಮ್ಮೆ ಫೋನು ಮಾಡಿ, "ಅತ್ತಿ, ನಿನ್ನ ಉದ್ದ ಫೋಟೋ ಎಲ್ಲಿ?" ಎಂದು ಪ್ರಾಣ ತಿನ್ನುತ್ತಿದ್ದಳು. ಕೊನೆಗೆ ಚಾಚಾರ ಮಗನ ಲ್ಯಾಬಿಗೆ ಒಯ್ದೆ. ಅವನು ರೀಲನ್ನು ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಜೋಡಿಸಿದ. ಸುಳ್ಳೇಕೆ ಹೇಳಲಿ, ನನ್ನ ರೀಲಿನ ಫೋಟೋ ಕಾಗದದ ಮೇಲೆ ಇಳಿದದ್ದು ಡಿಜಿಟಲ್ಲಿನ ದಯೆಯಿಂದಲೇ.

"ಮೇಡಂ, ಇಲ್ಲಿ ಒಬ್ರು ಅಜ್ಜಿ ಡಬಲ್ ಬಿದ್ದಾರ ನೋಡ್ರಿ" ಎಂದ ಅವನು. "ತಗದ ಬಿಡ್ಲೇನು? ಐದ ಮಿನಿಟಿನ ಕೆಲಸ."

ನಾನು ಬೇಡವೆನ್ನಲಿಲ್ಲ. ಬೇಡವೆನ್ನಬೇಕಿತ್ತು, ಆದರೆ ಧೈರ್ಯವಾಗಲಿಲ್ಲ. ಅವನು ಅಳಿಸುತ್ತ ಹೋದ. ಮುಖ ಹೋಯಿತು, ಸೆರಗು ಹೋಯಿತು, ಕೊನೆಗೆ ಮುಷ್ಟಿಯೂ ಹೋಯಿತು. ಮುಷ್ಟಿಯಿದ್ದ ಜಾಗಕ್ಕೆ ಪಕ್ಕದಿಂದ ಸೀರೆಯ ನೆರಿಗೆ ತಂದು ಹೊಲಿದಂತೆ ಕೂರಿಸಿದ. ಕಣ್ಣಿಗೆ ಕಣ್ಣಿಟ್ಟು ನೋಡಿದರೂ ಅಲ್ಲಿ ಯಾರೋ ಇದ್ದರು ಎನ್ನುವಂತಿರಲಿಲ್ಲ. ಅವನದು ಅಷ್ಟು ಒಳ್ಳೆಯ ಕೈ. ಬಾಗಿಲ ಬಳಿ ಖುರ್ಚಿಯಲ್ಲಿ ಕೂತಿದ್ದ ಚಾಚಾ ನನ್ನ ಮುಖ ನೋಡಿದರು.

"ಬೇಟಿ, ರೀಲಿನ್ಯಾಗ ಬಿದ್ದದ್ದು ಯಾರಿಗೂ ಅಳಸಾಕ ಬರಂಗಿಲ್ಲ. ಅಳಸೋದು ಇವನ ಮಶೀನಿನ್ಯಾಗ ಅಷ್ಟೇ. ಎರಡೂ ತಗೊಂಡ ಹೋಗು. ಮನ್ಯಾಗ ಯಾವ್ದು ತೋರಸ್ಬೇಕು ನಿನಗ ತಿಳೀತದ."

ಎರಡನ್ನೂ ಸುರುಳಿ ಸುತ್ತಿಕೊಂಡು ಮರುದಿನದ ಬಸ್ಸಿಗೆ ಜಹೀರಾಬಾದಿಗೆ ಹೋದೆ. ಅಣ್ಣ ವೈನಿ ಕೆಲಸಕ್ಕೆ ಹೋಗಿದ್ದರು. ಅವ್ವ ಅಡುಗೆಮನೆಯ ಹೊಸ್ತಿಲ ಒಳಗೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು, ಹುಡುಗಿ ಗೋಡೆಗೊರಗಿ ಕಾಲು ಚಾಚಿದ್ದಳು. ನಾನು ಅಳಿಸಿದ್ದನ್ನೇ ಬಿಚ್ಚಿ ಅವ್ವನ ಮುಂದೆ ಹಾಸಿದೆ. ಅವಳು ಬೀದಿ ಬಾಗಿಲಿನಿಂದ ಶುರುಮಾಡಿ ಬೆರಳಿಡುತ್ತ ಬಂದಳು. "ನಿಮ್ಮ ಕಾಕಾ ಇಲ್ಲೂ ನಿದ್ದಿ ಹೊಡ್ಯಾಕತ್ತಾನ... ನಿಮ್ಮ ವೈನಿ ಎರಡೆರಡ ಕಡಿ ಬಂದಾಳ..." ಎಂದು ನಗುತ್ತ ಹುಡುಗಿಯ ತನಕ ಬಂದಳು. "ಛಲೋ ಬಂದದ, ದೃಷ್ಟಿ ಆಗ್ತದ" ಎಂದಳು. ನಾನು ಫೋಟೋ ಸುತ್ತಿಡಲು ಕೈಚಾಚಿದೆ. ಅವಳ ಬೆರಳು ಮುಂದೆ ಸರಿದು ಸುಣ್ಣದ ಗೋಡೆ ದಾಟಿ ನಿಂತಿತು.

"ಅಡಗಿಮನಿ ಬಾಗಲಾ ಎಲ್ಲಿ ಹೋತು?"

"ರೀಲು ಅಲ್ಲಿ ಕೆಟ್ಟತವ್ವಾ."

"ಆವತ್ತ ನೀ ನನ್ನ ಹಿಡದಿದ್ದಿ. ನಾ ನೋಡಿನಿ" ಎಂದಳು ಅವ್ವ. "ಎಲ್ಲಿ ಇಟ್ಟಿ ಅದನ್ನ?"

ನಾನು ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಹುಡುಗಿ ನನ್ನ ಚೀಲದಿಂದ ಎರಡನೆಯ ಸುರುಳಿ ತೆಗೆದು ಬಿಚ್ಚಿದ್ದಳು. ಅದನ್ನು ಅಜ್ಜಿಯ ಮುಂದಿಟ್ಟಳು. ನಾನು ಒಂದೇ ಉಸಿರಿಗೆ, "ತಪ್ಪಾತವ್ವಾ, ಕೈಗೆ ಅರಿಷಿಣ ಇತ್ತು, ರೀಲು ತಿರಗಲಿಲ್ಲ, ನಾ ಬೇಕಂತ ಮಾಡಿಲ್ಲ" ಎಂದೆ. ಅವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಬೆರಳು ಉಡಿಯ ಮೇಲಿನ ಆ ಮುಷ್ಟಿಯ ಹತ್ತಿರ ನಿಂತಿತ್ತು.

"ಈ ಮುಷ್ಟ್ಯಾಗ ಅಕ್ಕಿ ಇದ್ದವು" ಎಂದಳು.

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವ್ವ ತಲೆ ಎತ್ತದೆಯೇ ಹೇಳಿದಳು: "ಹೊರಗ ನೀವು ಉಡಿ ತುಂಬಾಕತ್ತಾಗ ನಾ ಇಲ್ಲಿ ಬಾಗಲದಾಗ ನಿಂದರ್ತೀನಿ. ಮುಷ್ಟ್ಯಾಗ ಅಕ್ಕಿ ಹಿಡದು, ನೀವು ಒಂದ ಮುಷ್ಟಿ ಹಾಕಿದ್ರ ನಾನೂ ಒಂದ ಹಾಕ್ದಂಗ ಅಂತೀನಿ. ಐದ ಆದ ಮ್ಯಾಲ ಒಯ್ದು ಅನ್ನದ ಡಬರಿಗೆ ಹಾಕ್ತೀನಿ. ನೀವೇ ಉಣ್ತೀರಿ. ನಿನ್ನ ಕುಬಸಕ್ಕೂ ಹಂಗೇ, ನಿಮ್ಮ ವೈನಿ ಕುಬಸಕ್ಕೂ ಹಂಗೇ. ಯಾರಿಗೂ ಗೊತ್ತಿಲ್ಲ."

ಫೋಟೋದಿಂದ ಹೊರಗಿದ್ದಾಳೆಂದು ನಾನು ಕೊರಗಿದ ಅಷ್ಟೂ ವರ್ಷ ಅವಳು ಕಾರ್ಯದ ಒಳಗೇ ಇದ್ದಳು.

ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಷ್ಟಪಟ್ಟು ಸರಿದು ಬಂದು ಅಜ್ಜಿಯ ಎದುರು ಕೂತಳು. ಸೆರಗು ಒಡ್ಡಿದಳು.

"ಆಯಿ, ಹಾಕು."

"ಹುಚ್ಚಿ, ಬ್ಯಾಡ. ದಿನ ತುಂಬ್ಯಾವ ನಿನಗ." ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಆವತ್ತೇ ಹಾಕಿದ್ದಿ ಆಯಿ. ಇಲ್ಲಿ ಕಾಣಸ್ತದ ನೋಡು, ನಿನ್ನ ಕೈ ನನ್ನ ಉಡ್ಯಾಗ. ತಿಂಗಳಾತು. ಏನಾಗ್ಯದ ನನಗ? ನಿನ್ನೆ ಡಾಕ್ಟರ್ ಮೇಡಂ ಸೈತ ಕೂಸು ಛಲೋ ಅದ ಅಂದ್ರು."

ಅವ್ವ ಫೋಟೋ ನೋಡಿದಳು, ಹುಡುಗಿಯನ್ನು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತಂದಳು. ಮೊದಲ ಮುಷ್ಟಿಗೆ ಅರ್ಧ ಅಕ್ಕಿ ನೆಲಕ್ಕೆ ಬಿದ್ದವು. ಎರಡನೆಯದು ಸೆರಗಿಗೇ ಬಿತ್ತು. ಐದನೆಯದನ್ನು ಹಾಕಿ ಹುಡುಗಿಯ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಚಾಚಾರಿಗೆ, ಅವರ ಪೆದ್ದು ಡಬ್ಬಿಗೆ, ಅವರ ಮಗನ ಮಶೀನಿಗೆ, ನನ್ನ ಜಾರಿದ ಬೆರಳಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಶರಣು ಎನ್ನುತ್ತಿದ್ದೆ.

ಅವ್ವ ಮೊರ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ನೀ ಏನ ನೋಡ್ಕೋತ ನಿಂತಿ ಯವ್ವಾ? ಕುಂದ್ರು, ಸೆರಗು ಒಡ್ಡು. ನಿನ್ನ ಕುಬಸದಾಗ ನಿನ್ನ ಉಡಿ ಅಕ್ಕಿ ಊರ ಮಂದಿ ಉಂಡು ಹೋದ್ರು."

ಐವತ್ತೆರಡು ವರ್ಷದ ನಾನು ಹುಡುಗಿಯ ಪಕ್ಕದಲ್ಲಿ ಕೂತು ಸೆರಗು ಒಡ್ಡಿದೆ.